ಮೊದಲು ದಾರಿ, ಆಮೇಲೆ ಟ್ರಾಕ್ಟರು



2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರುಗಳ ಮೇಲಿನ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿದ ಮೇಲೆ, ಸಂಘದ ಕಚೇರಿಗೆ ಬರುವವರ ಬಾಯಲ್ಲಿ ಅಡಿಕೆ ಧಾರಣೆಯಷ್ಟೇ ಸಣ್ಣ ಟ್ರಾಕ್ಟರಿನ ಮಾತೂ ಕೇಳಿಬರುತ್ತಿದೆ. ಮೂರು ಎಕರೆ ಅಡಿಕೆ, ಎರಡು ಎಕರೆ ರೋಬಸ್ಟಾ ಇರುವವರು ಬಂದು ಕುಳಿತು, "ಯಾವುದು ತಗೊಂಡ್ರೆ ಒಳ್ಳೇದು ಮಾರಾಯ್ರೆ?" ಎಂದು ಕೇಳುತ್ತಾರೆ. ನಾವು ತಿರುಗಿ, "ನಿಮ್ಮ ತೋಟದಲ್ಲಿ ದಾರಿ ಎಷ್ಟು ಅಗಲ ಇದೆ?" ಎಂದರೆ ಹೆಚ್ಚಿನವರಿಗೆ ಉತ್ತರ ತಿಳಿದಿರುವುದಿಲ್ಲ. ಈ ಲೇಖನ ಅಂಥವರಿಗಾಗಿ.

ಉಪದೇಶ ಮಾಡುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಮರ್ಯಾದೆ. 2008ರಲ್ಲಿ ನಾವು ಮೊದಲ ಟ್ರಾಕ್ಟರು ತಂದೆವು. 35 ಅಶ್ವಶಕ್ತಿಯದು. ಶಕ್ತಿ ಹೆಚ್ಚಿದ್ದರೆ ಕೆಟ್ಟದ್ದೇನು, ಮುಂದಕ್ಕೂ ಆಗುತ್ತದೆ ಎಂದು ಮಾರಿದವರು ಹೇಳಿದರು, ನಾವು ನಂಬಿದೆವು. ಮನೆಗೆ ಬಂದ ಮೇಲೆ ಅದು ಅಡಿಕೆ ತೋಟದ ಬಾಯಲ್ಲೇ ನಿಂತಿತು. ತಿರುಗಿಸಲು ಜಾಗವಿಲ್ಲ, ಬಸಿಗಾಲುವೆ ದಾಟಲು ಇದ್ದದ್ದು ದಬ್ಬೆಯ ಸಂಕ. ಮರುವರ್ಷ ಫೆಬ್ರವರಿಯಲ್ಲಿ, ಗುಡ್ಡದ ಮೇಲಿನಿಂದ ಕಾಫಿ ಹಣ್ಣು ತುಂಬಿಕೊಂಡು ಕಣಕ್ಕೆ ಇಳಿಯುವಾಗ, ಚಾಲಕ ಗೇರು ಬದಲಿಸಲೆಂದು ಅರ್ಧದಲ್ಲಿ ಕ್ಲಚ್ ತುಳಿದ. ಹಿಂದಿನ ಟ್ರೈಲರ್ ನೂಕಿತು. ಟ್ರಾಕ್ಟರು ಅಡ್ಡ ತಿರುಗಿ ದರೆಯ ಅಂಚಿಗೆ ಜಾರಿ, ಒಂದು ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿತು. ಹಾರಿದ ಹುಡುಗನ ಭುಜದ ಮೂಳೆ ಮುರಿಯಿತು. ಆ ಮರ ಅಲ್ಲಿರದಿದ್ದರೆ ಅವನ ಮನೆಯವರ ಮುಖವನ್ನು ನಾವು ಹೇಗೆ ನೋಡುತ್ತಿದ್ದೆವೋ ತಿಳಿಯದು. ತಪ್ಪು ಅವನದಲ್ಲ. ಕಲಿಸದೆ ಕೂರಿಸಿದ, ದಾರಿ ಸರಿಮಾಡದೆ ಯಂತ್ರ ತಂದ ನಮ್ಮದು.

ನಾವು ಮಾಡುವ ಮೊದಲ ತಪ್ಪು, ಬಯಲುಸೀಮೆಯವರಂತೆ ಉಳುವ ಲೆಕ್ಕದಲ್ಲಿ ಟ್ರಾಕ್ಟರನ್ನು ನೋಡುವುದು. ಮಲೆನಾಡಿನ ತೋಟದಲ್ಲಿ ಉಳುವ ಕೆಲಸ ಎಷ್ಟಿದೆ? ಕಾಫಿಯ ಆಹಾರ ಹೀರುವ ಬೇರುಗಳಲ್ಲಿ ಬಹುಪಾಲು ಮೇಲಿನ ಒಂದು ಅಡಿ ಮಣ್ಣಿನಲ್ಲೇ ಹರಡಿರುತ್ತವೆ. ಅಡಿಕೆಯ ಬೇರೂ ಹೆಚ್ಚು ಆಳಕ್ಕಿಳಿಯದು. ಅಲ್ಲಿ ರೋಟವೇಟರ್ ಓಡಿಸುವುದೆಂದರೆ ಗಿಡದ ಬಾಯಿಯನ್ನೇ ಕೊಯ್ದಂತೆ. ಮಳೆಗಾಲದಲ್ಲಿ ತೇವದ ಮಣ್ಣಿನ ಮೇಲೆ ಚಕ್ರ ಹರಿಸಿದರೆ ಮಣ್ಣು ಒತ್ತಿ ಗಟ್ಟಿಯಾಗಿ ನೀರು ಬಸಿಯುವುದೂ ನಿಲ್ಲುತ್ತದೆ.

ನಮ್ಮ ನಿಜವಾದ ಕೆಲಸ ಹೊರುವುದು. ಲೆಕ್ಕ ಹಾಕಿ ನೋಡಿ. 9 ಅಡಿಗೆ 9 ಅಡಿ ಅಂತರದಲ್ಲಿ ನೆಟ್ಟ ಅಡಿಕೆ ಎಕರೆಗೆ ಸುಮಾರು 540 ಮರ. ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಗೊಬ್ಬರ ಎಂಬ ಶಿಫಾರಸಿನಂತೆ ನಡೆದರೆ ಎಕರೆಗೆ ಸುಮಾರು 13 ಟನ್ ಆಯಿತು. ಒಂದು ಟನ್ ರೋಬಸ್ಟಾ ಬೀಜ ಕೈಗೆ ಸಿಗಬೇಕಾದರೆ ನಾಲ್ಕೂವರೆಯಿಂದ ಐದು ಟನ್ ಹಣ್ಣು ಕಣಕ್ಕೆ ಬರಬೇಕು. ಇದರ ಮೇಲೆ ಅಡಿಕೆ ಗೊನೆ, ಸೌದೆ, ಔಷಧಿಯ ನೀರು. ಇಷ್ಟನ್ನೂ ತಲೆಹೊರೆಯಲ್ಲಿ ಸಾಗಿಸುತ್ತಿದ್ದ ಆಳುಗಳು ಈಗ ಸಿಗುತ್ತಿಲ್ಲ. ಸಿಕ್ಕವರಿಗೂ ವಯಸ್ಸಾಗಿದೆ. ಆದ್ದರಿಂದ ಸಣ್ಣ ಟ್ರಾಕ್ಟರು ಶೋಕಿಯಲ್ಲ, ಅಗತ್ಯ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಹೊರಲು ತರುವ ಯಂತ್ರವನ್ನು ಹೊರುವ ದಾರಿ ನೋಡಿಯೇ ಆರಿಸಬೇಕು.

ದಾರಿಯನ್ನು ಅಳೆಯಲು ಎಂಜಿನಿಯರ್ ಬೇಡ. ನಾಲ್ಕು ಅಡಿ ಉದ್ದದ ಅಡಿಕೆ ದಬ್ಬೆಯೊಂದನ್ನು ಅಡ್ಡ ಹಿಡಿದು ಇಡೀ ತೋಟ ಸುತ್ತಿ ಬನ್ನಿ. ಸಣ್ಣ ಟ್ರಾಕ್ಟರುಗಳ ಅಗಲ ಮೂರೂವರೆಯಿಂದ ನಾಲ್ಕು ಅಡಿ. ದಬ್ಬೆ ಎಲ್ಲಿ ತಾಗುತ್ತದೋ ಅಲ್ಲಿ ಟ್ರಾಕ್ಟರೂ ತಾಗುತ್ತದೆ. ಟ್ರೈಲರ್ ಅದಕ್ಕಿಂತ ಅಗಲವಿದ್ದರೆ ಆ ಅಳತೆಯ ದಬ್ಬೆ ಹಿಡಿಯಿರಿ. ಇಳಿಜಾರು ತಿಳಿಯಲು ಹತ್ತಡಿಯ ಗಳುವಿನ ಒಂದು ತುದಿಯನ್ನು ಮೇಲುಭಾಗದ ನೆಲಕ್ಕೆ ಊರಿ, ಗಳುವನ್ನು ಸಮಮಟ್ಟಕ್ಕೆ ಹಿಡಿದು, ಇನ್ನೊಂದು ತುದಿಯಿಂದ ಕೆಳಗಿನ ನೆಲಕ್ಕೆ ಎಷ್ಟು ಅಡಿ ಎಂದು ಅಳೆಯಿರಿ. ಹತ್ತಕ್ಕೆ ಒಂದು ಅಡಿ ಇಳಿಜಾರಿದ್ದರೆ, ಎಲ್ಲ ಸೇರಿ ಎರಡು ಟನ್ ತೂಗುವ ಟ್ರೈಲರ್ ಹಿಂದಿನಿಂದ 200 ಕಿಲೋ ಭಾರದಷ್ಟು ನೂಕುತ್ತದೆ. ಹತ್ತಕ್ಕೆ ಎರಡಾದರೆ ನೂಕು 400 ಕಿಲೋ ಹತ್ತಿರ. ಸಣ್ಣ ಟ್ರಾಕ್ಟರುಗಳ ತೂಕವೋ 600ರಿಂದ 900 ಕಿಲೋ ಮಾತ್ರ. ಮಗು ಆನೆಯನ್ನು ಹಗ್ಗ ಹಿಡಿದು ಇಳಿಸಿದ ಹಾಗೆ. ಹತ್ತಿಸುವುದು ಎಂಜಿನ್ನಿನ ಕೆಲಸ. ಇಳಿಸುವುದು ತೂಕದ ಕೆಲಸ, ಬ್ರೇಕಿನ ಕೆಲಸ.

ಇನ್ನು ಯಂತ್ರದ ಮಾತು. ಸಮತಟ್ಟಾದ ತೋಟಕ್ಕೆ, ಒಂದು ಟನ್ನಿನೊಳಗಿನ ಹೊರೆಗೆ 15 ಅಶ್ವಶಕ್ತಿಯ ಎರಡು ಚಕ್ರ ಚಾಲನೆಯ ಟ್ರಾಕ್ಟರು ಸಾಕು. ಗುಡ್ಡದ ತೋಟಕ್ಕೆ 20ರಿಂದ 27 ಅಶ್ವಶಕ್ತಿಯ, ನಾಲ್ಕೂ ಚಕ್ರಕ್ಕೆ ಚಾಲನೆ ಇರುವುದೇ ಬೇಕು. ಅದು ಬರೀ ಹತ್ತಲು ಮಾತ್ರವಲ್ಲ. ನಾಲ್ಕು ಚಕ್ರದ ಚಾಲನೆ ಹಾಕಿ ಇಳಿದರೆ ಮುಂದಿನ ಚಕ್ರಗಳೂ ನೆಲವನ್ನು ಹಿಡಿಯುತ್ತವೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಪಂಪನ್ನು ತಿರುಗಿಸಲು ದೊಡ್ಡ ಎಂಜಿನ್ ಬೇಕಿಲ್ಲ. ಟ್ರಾಕ್ಟರನ್ನು ದಾರಿಯಲ್ಲೇ ನಿಲ್ಲಿಸಿ, ಉದ್ದನೆಯ ಪೈಪನ್ನು ತೋಟದೊಳಗೆ ಎಳೆದುಕೊಂಡರಾಯಿತು. ಆಸನದ ಹಿಂದೆ ಉಕ್ಕಿನ ಕಮಾನು ಇದೆಯೇ ನೋಡಿ. ಉರುಳಿದಾಗ ಜೀವ ಉಳಿಸುವುದು ಅದೇ, ಅದೂ ಸೀಟ್ ಬೆಲ್ಟ್ ಕಟ್ಟಿದ್ದರೆ ಮಾತ್ರ. ಟ್ರೈಲರಿಗೆ ಪ್ರತ್ಯೇಕ ಬ್ರೇಕ್ ಕೇಳಿ. ಬಿಡಿಭಾಗ, ಮೆಕ್ಯಾನಿಕ್ ಎಷ್ಟು ದೂರದಲ್ಲಿದ್ದಾರೆ ಎಂದು ವಿಚಾರಿಸಿ. ಕೊಯ್ಲಿನ ಹೊತ್ತಿಗೆ ಹತ್ತು ದಿನ ಕೊಟ್ಟಿಗೆಯಲ್ಲಿ ನಿಂತ ಟ್ರಾಕ್ಟರು ಯಾವ ಬೆಲೆಗೂ ಅಗ್ಗವಲ್ಲ.

ಟಿಲ್ಲರಿಗೆ ಟ್ರೈಲರ್ ಕಟ್ಟಿದರೆ ಸಾಲದೇ ಎನ್ನುವವರಿದ್ದಾರೆ. ಹಣ ಉಳಿಯುತ್ತದೆ, ನಿಜ. ಆದರೆ ಒಂದು ಮಾತು ನೆನಪಿರಲಿ. ಸಮನೆಲದಲ್ಲಿ ಎಡಗೈಯ ಕ್ಲಚ್ ಹಿಡಿದರೆ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಹೊರೆ ನೂಕುವ ಇಳಿಜಾರಿನಲ್ಲಿ ಅದೇ ಕ್ಲಚ್ ಹಿಡಿದರೆ ಎಡಚಕ್ರ ಸಡಿಲವಾಗಿ ಮುಂದೋಡಿ ಗಾಡಿ ಬಲಕ್ಕೆ ತಿರುಗುತ್ತದೆ! ಹೊಸಬನಿಗೆ ಇದನ್ನು ಹೇಳದೆ ಕಳುಹಿಸಿದರೆ ಅವನು ದರೆ ತಪ್ಪಿಸಲು ಹೋಗಿ ದರೆಗೇ ಬೀಳುತ್ತಾನೆ.

ಟ್ರಾಕ್ಟರು ಓಡಿಸುವವರಿಗೂ ಕೆಲವು ನಿಯಮ. ಹತ್ತಿದ ಗೇರಿನಲ್ಲೇ ಇಳಿಯಬೇಕು. ಇಳಿಯುವ ಮೊದಲೇ ಗೇರು ಹಾಕಬೇಕು, ಅರ್ಧದಲ್ಲಿ ಕ್ಲಚ್ ತುಳಿಯಬಾರದು. ಎಡಬಲದ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಒಂದುಮಾಡಬೇಕು. ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂರಿಸಬಾರದು, ಮಕ್ಕಳನ್ನಂತೂ ಬೇಡವೇ ಬೇಡ. ಮರದ ದಿಮ್ಮಿಯನ್ನು ಎಳೆಯುವುದಿದ್ದರೆ ಸರಪಳಿಯನ್ನು ಕೆಳಗಿನ ಎಳೆಪಟ್ಟಿಗೇ ಕಟ್ಟಬೇಕು. ಮೇಲೆ ಕಟ್ಟಿದರೆ ಟ್ರಾಕ್ಟರು ಮುಂಗಾಲೆತ್ತಿ ಹಿಂದಕ್ಕೆ ಮಗುಚುತ್ತದೆ.

ಸಹಾಯಧನದ ಬಗ್ಗೆ ಒಂದು ಮಾತು. ಅದಕ್ಕೆ ಗರಿಷ್ಠ ಮಿತಿ ಇದೆ, ಪಟ್ಟಿಯಲ್ಲಿರುವ ಮಾದರಿಗೇ ಅದು ಸಿಗುವುದು. ಸಿಕ್ಕರೆ ಬಿಡಬೇಡಿ. ಆದರೆ ಸಹಾಯಧನ ಸಿಗುವುದೆಂದು ತೋಟಕ್ಕೆ ಹೊಂದದ ಯಂತ್ರ ತಂದರೆ, ಸರ್ಕಾರ ಕೊಟ್ಟ ಪಾಲು ಹೋಗಿ ಉಳಿದ ಸಾಲ ತೋಟದ ಪಹಣಿಯ ಮೇಲೆ ಕುಳಿತಿರುತ್ತದೆ.

ಇಲ್ಲೇ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಟ್ರಾಕ್ಟರು ಸಾಲದ ಅರ್ಜಿಯ ಜೊತೆ ತೋಟದ ದಾರಿಯ ಅಗಲ, ಇಳಿಜಾರುಗಳ ಅಳತೆಯನ್ನೂ ಸಂಘ ಕೇಳಬೇಕು. ದಾರಿ ಸರಿಯಿಲ್ಲದಿದ್ದರೆ ಮೊದಲ ಕಂತನ್ನು ದಾರಿಗೆ, ಮೋರಿಗೆ, ಕಾಂಕ್ರೀಟ್ ಸಂಕಕ್ಕೆ ಕೊಡಬೇಕು. ಆಡಳಿತ ಮಂಡಳಿಯಲ್ಲಿ ಇದಕ್ಕೆ ವಿರೋಧವಿದೆ. "ಸಾಲ ಕೊಡುವುದು ಸಂಘದ ಕೆಲಸ, ಆರಿಸುವುದು ಸದಸ್ಯನ ಹಕ್ಕು" ಎನ್ನುತ್ತಾರೆ. ಆ ಹಕ್ಕನ್ನು ನಾವು ಗೌರವಿಸುತ್ತೇವೆ. ಆದರೆ ಸುಸ್ತಿಯಾದ ಸಾಲದ ನೋಟೀಸಿಗೆ ಸಹಿ ಹಾಕಿ ನೆಂಟರ ಮನೆಗೆ ಕಳುಹಿಸುವ ಕೈ ನಮ್ಮದು. ನಾಲ್ಕು ಅಡಿ ದಬ್ಬೆಯನ್ನು ಮೊದಲೇ ಹಿಡಿಯಿರಿ ಎನ್ನುವುದು ಅದಕ್ಕಿಂತ ಕಡಿಮೆ ಅವಮಾನದ್ದು.

ಐದು ಎಕರೆಗೆ ಕಡಿಮೆ ಇರುವವರು ಒಬ್ಬರೇ ಕೊಳ್ಳುವ ಮುನ್ನ ಇನ್ನೊಮ್ಮೆ ಯೋಚಿಸಲಿ. ಐದು ಎಕರೆಯ ನಮ್ಮ ತೋಟದಲ್ಲಿ ಈಗಿನ 24 ಅಶ್ವಶಕ್ತಿಯ ಟ್ರಾಕ್ಟರು ವರ್ಷಕ್ಕೆ ಓಡುವುದು ಇನ್ನೂರು ಗಂಟೆಯ ಆಸುಪಾಸು. ಉಳಿದ ದಿನ ಅದು ಸುಮ್ಮನೆ ನಿಂತಿರುತ್ತದೆ, ಬಡ್ಡಿ ಮಾತ್ರ ನಡೆಯುತ್ತಿರುತ್ತದೆ. ಅಕ್ಕಪಕ್ಕದ ಮೂರು ಮನೆಯವರು ಸೇರಿ ಒಂದು ತಂದು, ಗಂಟೆಯ ಲೆಕ್ಕ ಬರೆದಿಟ್ಟರೆ ಎಲ್ಲರಿಗೂ ಒದಗುತ್ತದೆ. 2014-15ರಿಂದ ನಡೆದುಬಂದ ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಬಾಡಿಗೆಗೆ ತಂದು ಒಂದು ಹಂಗಾಮು ಓಡಿಸಿ ನೋಡುವುದೂ ಜಾಣತನವೇ. ಕೊಳ್ಳುವ ಮೊದಲು ನಿಮ್ಮ ತೋಟದ ಅತ್ಯಂತ ಕಡಿದಾದ ದಾರಿಯಲ್ಲೇ, ತುಂಬಿದ ಟ್ರೈಲರ್ ಸಮೇತ ಪ್ರಾತ್ಯಕ್ಷಿಕೆ ಕೇಳಿ. ಶೋರೂಮಿನ ಅಂಗಳದಲ್ಲಿ ಎಲ್ಲ ಟ್ರಾಕ್ಟರೂ ಚೆನ್ನಾಗಿಯೇ ಓಡುತ್ತದೆ.

ಈ ವಿಷಯವನ್ನು ಮುಂದಿನ ಮಹಾಸಭೆಯಲ್ಲಿ ಇಡುತ್ತೇವೆ. ಒಪ್ಪುವವರೂ ಒಪ್ಪದವರೂ ತಪ್ಪದೆ ಬನ್ನಿ. ಬರುವ ಮೊದಲು ದಬ್ಬೆ ಹಿಡಿದು ತೋಟ ಒಮ್ಮೆ ಸುತ್ತಿ, ಅಳತೆಯನ್ನು ಚೀಟಿಯಲ್ಲಿ ಬರೆದು ತನ್ನಿ.

ಕಾರ್ಯದರ್ಶಿ