ಒಗಟಿನ ಹಿಂದೆ ಉತ್ತರ ಅಂಟಿಸಬೇಡಿ ಸ್ವಾಮಿ

“ಮಕ್ಕಳ ಕೈಯಿಂದ ಮೊಬೈಲ್ ಬಿಡಿಸೋದು ಹೇಗೆ?” ಮದುವೆಮನೆ, ನಾಮಕರಣ, ಆಫೀಸ್ ಕ್ಯಾಂಟೀನ್ ಎಲ್ಲ ಕಡೆ ಈಗ ಇದೇ ಪ್ರಶ್ನೆ. ಅದಕ್ಕೆ ಸಿಗೋ ಉತ್ತರಗಳಲ್ಲಿ ಒಂದು, “ಒಗಟು ಹೇಳಿ, ಬುದ್ಧಿಗೆ ಕಸರತ್ತು ಕೊಡಿ”. ಒಳ್ಳೇ ಮಾತೇ. ಆದ್ರೆ ಆಮೇಲೆ ಏನಾಗುತ್ತೆ ನೋಡಿ. ಯಾರೋ ‘ಒಗಟುಗಳು, ಉತ್ತರ ಸಹಿತ’ ಅಂತ ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸ್ತಾರೆ. ಇನ್ಯಾರೋ ಒಗಟಿನ ಆಪ್ ಹಾಕಿಕೊಡ್ತಾರೆ. ಮೊಬೈಲ್ ಬಿಡಿಸೋಕೆ ಮೊಬೈಲ್! ಮತ್ತೊಬ್ಬರು ದುಬಾರಿ ಪಝಲ್ ಡಬ್ಬ ತಂದು ಮಗುವಿನ ಮುಂದಿಟ್ಟು, ತಾವು ಸೋಫಾ ಮೇಲೆ ಕೂತು ರೀಲ್ಸ್ ನೋಡ್ತಾರೆ.

ನನ್ನ ತಕರಾರು ಇಷ್ಟೇ. ಒಗಟು ಅಂದ್ರೆ ಅಂಗಡಿಯಿಂದ ತಂದು ಮಗುವಿಗೆ ಕೊಡೋ ಸಾಮಾನಲ್ಲ, ಇಬ್ಬರು ಆಡೋ ಆಟ. ಎದುರಿಗೆ ಕೂತ ಮನುಷ್ಯನನ್ನ ತೆಗೆದುಬಿಟ್ರೆ ಅಲ್ಲಿ ಉಳಿಯೋದು ಪರೀಕ್ಷೆ. ತುಳುವಿನಲ್ಲಿ ಒಗಟಿಗೆ ‘ಎದುರುಕತೆ’ ಅಂತಾರೆ. ಹೆಸರಲ್ಲೇ ‘ಎದುರು’ ಇದೆ. ಉತ್ತರ ಕರ್ನಾಟಕದಲ್ಲಿ ‘ಒಡಪು’ ಅಂದ್ರೆ ಒಗಟೂ ಹೌದು, ಮದುವೆಯಲ್ಲಿ ಹೆಣ್ಣು ಗಂಡನ ಹೆಸರನ್ನ ಸುತ್ತಿ ಬಳಸಿ ಹೇಳೋದೂ ಹೌದು. ಸುತ್ತ ಕಾಡಿಸೋರು ಇಲ್ಲದಿದ್ರೆ ಒಡಪು ಯಾರಿಗೆ ಹೇಳ್ತೀರಾ?

ಮೊದಲನೇ ಗುಂಪು ‘ಮೆದುಳು ಚುರುಕಾಗುತ್ತೆ’ ಅನ್ನೋರದ್ದು. ಒಗಟನ್ನೂ ಇವರು ಟಾನಿಕ್ ಥರ ಮಾರ್ತಾರೆ. ಲುಮೋಸಿಟಿ ಅನ್ನೋ ಮೆದುಳಿನ ಆಟಗಳ ಆಪ್ ನಡೆಸುವ ಕಂಪನಿ ಆಧಾರವಿಲ್ಲದ ಜಾಹೀರಾತು ಕೊಟ್ಟಿದೆ ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತ್ತು. 2016ರಲ್ಲಿ ಆ ಕಂಪನಿ 20 ಲಕ್ಷ ಡಾಲರ್ ಕೊಟ್ಟು ಕೇಸು ಇತ್ಯರ್ಥ ಮಾಡಿಕೊಂಡಿತು. ನಮ್ಮ ಸಾಫ್ಟ್‌ವೇರ್ ಜಗತ್ತಿನಲ್ಲೂ ಇದೇ ಹುಚ್ಚು ಇತ್ತು. 25 ಕುದುರೆ, ಒಂದು ಸಲಕ್ಕೆ ಐದೇ ಓಡಬೇಕು, ಮೊದಲ ಮೂರು ಯಾವುವು ಅಂತ ತಿಳಿಯೋಕೆ ಎಷ್ಟು ಓಟ ಬೇಕು ಅಂತ ಕೇಳಿ ಕೆಲಸ ಕೊಡೋರು. 2013ರಲ್ಲಿ ಗೂಗಲ್‌ನ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ ಅವರೇ, ಇಂಥ ಪ್ರಶ್ನೆಗಳಿಂದ ಅಭ್ಯರ್ಥಿಯ ಬಗ್ಗೆ ಏನೂ ಗೊತ್ತಾಗಲ್ಲ, ಕೇಳೋನಿಗೆ ತಾನು ಜಾಣ ಅನ್ನಿಸುತ್ತೆ ಅಷ್ಟೇ ಅನ್ನೋ ಅರ್ಥದ ಮಾತು ಹೇಳಿದ್ರು. ದೊಡ್ಡವರ ಕೆಲಸಕ್ಕೇ ಬಾರದ ಅಳತೆಗೋಲನ್ನ ಆರು ವರ್ಷದ ಮಗುವಿಗೆ ಯಾಕೆ ಹಿಡೀತೀರಿ? ಒಗಟು ಮಜಾ ಕೊಡುತ್ತೆ. ಅಷ್ಟು ಸಾಲದೇ?

ಎರಡನೇ ಗುಂಪು ಉತ್ತರ ಸಹಿತದವರದ್ದು. ಮಗು ಎರಡು ಸಲ ತಪ್ಪು ಹೇಳ್ತಿದ್ದ ಹಾಗೆ “ಗೊತ್ತಾಗ್ಲಿಲ್ವಾ? ಈರುಳ್ಳಿ!” ಅಂದುಬಿಟ್ರೆ ಆಟ ಮುಗೀತು. ಅಂಗಡಿಯಿಂದ ತಂದು ಮುಂದಿಟ್ಟುಕೊಂಡು ಅಳೋ ವಸ್ತು ಯಾವುದು ಅಂತ ಯೋಚಿಸ್ತಾ ಮಗು ಮುರಿದ ಆಟದ ಸಾಮಾನು, ಲೆಕ್ಕದ ಪುಸ್ತಕ, ಔಷಧಿ ಎಲ್ಲ ಸುತ್ತಿ ಬರಬೇಕು. ‘ಲೆಕ್ಕದ ಪುಸ್ತಕ’ ಅಂದ್ರೆ ಅದು ತಪ್ಪು ಉತ್ತರ ಅಂತ ನನಗಂತೂ ಅನ್ಸಲ್ಲ :-) ಕೊನೆಗೆ ಮಗು ‘ಆನಿಯನ್’ ಅಂತ ಕೂಗಿದ್ರೆ “ಕನ್ನಡದಲ್ಲಿ ಹೇಳು” ಅಂತ ತಲೆ ಮೇಲೆ ಮೊಟಕೋರೂ ಇದ್ದಾರೆ. ಮೊದಲು ಚಪ್ಪಾಳೆ ತಟ್ಟಿ. ‘ಈರುಳ್ಳಿ’ ಅನ್ನೋ ಪದ ಮುಂದಿನ ಒಗಟಿನೊಳಗೆ ನೀವೇ ತನ್ನಿ, ಅದು ತಾನಾಗೇ ಕಲಿಯುತ್ತೆ. ಅಲ್ಲಮನ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು ಬಂದು ಶತಮಾನಗಳಾದವು, ವಿದ್ವಾಂಸರು ಇನ್ನೂ ಬಿಡಿಸ್ತಾನೇ ಇದ್ದಾರೆ. ನಮಗೆ ಎರಡು ನಿಮಿಷ ತಡ್ಕೊಳಕ್ಕಾಗಲ್ಲ!

ಮೂರನೇ ಗುಂಪು ನಮ್ಮದೇ, ಅಂದ್ರೆ ಬರೆಯೋರದ್ದು. “ಅಯ್ಯೋ ನಮ್ಮ ಜಾನಪದ ಒಗಟುಗಳು ಸಾಯ್ತಿವೆ” ಅಂತ ವರ್ಷಕ್ಕೊಂದು ಪೋಸ್ಟ್ ಹಾಕ್ತೀವಿ. ಕೆಳಗೆ ಬೀಸುಕಲ್ಲು, ಒರಳು, ಏತ, ನೇಗಿಲಿನ ಒಗಟುಗಳ ಪಟ್ಟಿ. ಅವುಗಳ ಸೊಗಸಿನ ಬಗ್ಗೆ ನನ್ನದು ಎರಡು ಮಾತಿಲ್ಲ. ಆದ್ರೆ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯ ಮಗು ಬೀಸುಕಲ್ಲನ್ನ ಕಂಡೇ ಇಲ್ಲ. ಕಾಣದ ವಸ್ತುವನ್ನ ಊಹಿಸು ಅಂದ್ರೆ ಹೇಗೆ? ಆಮೇಲೆ “ಈಗಿನ ಮಕ್ಕಳಿಗೆ ಒಗಟು ಇಷ್ಟವಿಲ್ಲ” ಅಂತ ತೀರ್ಪು ಬೇರೆ. ಬೀಸುಕಲ್ಲಿನ ಒಗಟು ಕಟ್ಟಿದ ಅಜ್ಜಿ ತನ್ನ ಮುಂದಿದ್ದ ಬೀಸುಕಲ್ಲನ್ನ ನೋಡಿ ಕಟ್ಟಿದ್ಳು. ನಾವೂ ನಮ್ಮ ಮುಂದಿರೋದನ್ನ ನೋಡಿ ಕಟ್ಟಬೇಕು. ‘ಹೊಟ್ಟೆ ತುಂಬ ಬಿಸಿ, ತಲೆ ಮೇಲೆ ಟೋಪಿ, ಮೂರು ಸಲ ಕೂಗಿದ್ರೆ ಅಮ್ಮ ಓಡಿ ಬರ್ತಾಳೆ.’ ‘ದಿನವಿಡೀ ಓಡಾಡ್ತಾನೆ, ಕಟ್ಟಡ ಬಿಟ್ಟು ಹೊರಗೆ ಕಾಲಿಟ್ಟಿಲ್ಲ.’ ಇವೇನು ಮಹಾ ಕಾವ್ಯ ಅಲ್ಲ, ನಾನು ಅಕ್ಕನ ಮಗಳಿಗೆ ಕಟ್ಟಿದ್ದು. ಅವಳಿಗೆ ಆರು ವರ್ಷ. ಮಾರನೇ ದಿನ ಅವಳೇ ಒಂದು ಹೇಳಿದ್ಳು: ‘ರಾತ್ರಿಯೆಲ್ಲ ಊಟ ಮಾಡುತ್ತೆ, ಬೆಳಿಗ್ಗೆ ಅಪ್ಪನ ಜೊತೆ ಆಫೀಸಿಗೆ ಹೋಗುತ್ತೆ.’ ಭಾವನಿಗೆ ಐದು ನಿಮಿಷ ಬೇಕಾಯ್ತು. ಉತ್ತರ ಅವರ ಜೇಬಿನಲ್ಲೇ ಇತ್ತು. ಮಗು ತಾನೇ ಒಗಟು ಕಟ್ಟಿ ದೊಡ್ಡವರನ್ನ ಸೋಲಿಸಬಹುದು, ಆಪ್‌ನಲ್ಲಿ ಈ ಸರದಿ ಅದಕ್ಕೆ ಬರೋದೇ ಇಲ್ಲ.

“ನಿನಗೇನಪ್ಪಾ ಮಕ್ಕಳಿಲ್ಲ, ಮರಿಯಿಲ್ಲ. ಎಂಟು ಗಂಟೆಗೆ ಮನೆಗೆ ಬರೋರಿಗೆ ಟೈಮ್ ಎಲ್ಲಿದೆ?” ಅಂತ ಕೇಳ್ತೀರಿ, ಗೊತ್ತು. ಸುಸ್ತು ನಿಜ. ಅಡುಗೆಯನ್ನೂ ಮಗುವನ್ನೂ ಒಬ್ಬಳೇ ನೋಡಿಕೊಳ್ಳೋ ತಾಯಿ ಅರ್ಧ ಗಂಟೆ ಕಾರ್ಟೂನ್ ಹಾಕಿಕೊಟ್ರೆ ಅವಳನ್ನ ಬಯ್ಯೋ ಹಕ್ಕು ನನಗಿಲ್ಲ. ಆದ್ರೆ ಒಗಟಿಗಿಂತ ಅಗ್ಗದ ಆಟ ಇನ್ನೊಂದು ತೋರಿಸಿ. ಹೇಳೋಕೆ ಹತ್ತು ಸೆಕೆಂಡ್. ಕಾಯೋದು ಕುಕ್ಕರ್ ಕೂಗೋವರೆಗೆ, ಸಿಲ್ಕ್ ಬೋರ್ಡ್ ಸಿಗ್ನಲ್ ಬಿಡೋವರೆಗೆ, ಬೇಕಾದ್ರೆ ನಾಳೆ ಸಂಜೆವರೆಗೆ. ಹುಲಿ, ಮೇಕೆ, ಹುಲ್ಲಿನ ಕಟ್ಟು ಹೊಳೆ ದಾಟೋ ಲೆಕ್ಕ ನಿಮಗೆಲ್ಲ ಗೊತ್ತು. ತೋಳ, ಮೇಕೆ, ಕೋಸಿನ ರೂಪದಲ್ಲಿ ಅದು ಸಾವಿರಕ್ಕೂ ಹೆಚ್ಚು ವರ್ಷ ಹಳೆಯ ಲ್ಯಾಟಿನ್ ಸಂಗ್ರಹವೊಂದರಲ್ಲೂ ಇದೆ. ಸಾಮಾನು ಏನೂ ಬೇಡ. ನಿಂಬೆಹಣ್ಣು ಹುಲಿ, ಬೆಳ್ಳುಳ್ಳಿ ಮೇಕೆ, ಕರಿಬೇವು ಹುಲ್ಲು, ಸೌಟು ದೋಣಿ. ಏಳು ಸಲ ಹೊಳೆ ದಾಟಬೇಕು. ಒಮ್ಮೆ ದಾಟಿಸಿದ್ದನ್ನ ವಾಪಸ್ ತರಬಹುದು ಅಂತ ಮಗುವಿಗೆ ತಾನಾಗೇ ಹೊಳೆಯುತ್ತಲ್ಲ, ಆ ಮುಖ ನೋಡೋಕೆ ನೀವು ಅಲ್ಲಿರಬೇಕು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಮಾರ್ಗಸೂಚಿ ಕೊಟ್ಟಿತು. ಎರಡರಿಂದ ನಾಲ್ಕು ವರ್ಷದವರಿಗೆ ಸ್ಕ್ರೀನ್ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ. ಆ ಒಂದು ಗಂಟೆಯ ಮಾತನ್ನ ಎಲ್ಲರೂ ಫಾರ್ವರ್ಡ್ ಮಾಡಿದ್ರು. ಮಕ್ಕಳು ಕೂತಿರುವ ಹೊತ್ತಿನಲ್ಲಿ ನೋಡಿಕೊಳ್ಳುವವರ ಜೊತೆ ಓದು, ಕಥೆ ಇರಲಿ ಅನ್ನೋದೂ ಅದರಲ್ಲೇ ಇದೆ. ಆ ‘ಜೊತೆ’ಯನ್ನ ಮಾತ್ರ ಎಲ್ಲರೂ ಹಾರಿಸಿದ್ರು.

ಹಾಗಾಗಿ ಗೆಳೆಯರೇ, ದಯವಿಟ್ಟು ಇನ್ನೊಂದು ಪಟ್ಟಿ ಹಾಕಬೇಡಿ. ಇವತ್ತು ನಿಮ್ಮ ಮನೆಯ ಯಾವುದೋ ಒಂದು ವಸ್ತು ನೋಡಿ ಒಂದೇ ಒಂದು ಒಗಟು ಕಟ್ಟಿ, ಹತ್ತಿರದ ಮಗುವಿಗೆ ಹೇಳಿ, ಬಾಯಿ ಮುಚ್ಚಿಕೊಂಡು ಕಾಯಿರಿ. ಆಮೇಲೆ ಆ ಒಗಟು ಇಲ್ಲಿ ಬರೆಯಿರಿ, ಉತ್ತರ ಬಿಟ್ಟು. ಕುದುರೆಗಳ ಲೆಕ್ಕಕ್ಕೆ ಉತ್ತರ ನಾನೂ ಹೇಳಲ್ಲ.