ನಿಂತುಹೋದ ಓದನ್ನು ಮತ್ತೆ ಕೈಗೆತ್ತಿಕೊಳ್ಳಿ, ನಮ್ಮ ಚರಿತ್ರೆಯಲ್ಲೇ ಎಂಎ ಮಾಡಿ!

ಅಕ್ಕಂದಿರೆ, ತಂಗಿಯರೆ, ಜೊತೆಗೆ ನಿಂತ ಅಣ್ಣತಮ್ಮಂದಿರೆ,

ಬಿಎ ಮುಗಿಸಿ ಪದವಿಪತ್ರವನ್ನು ಟ್ರಂಕಿನ ತಳಕ್ಕೆ ಹಾಕಿಟ್ಟವರು ನಮ್ಮ ಬೀದಿಬೀದಿಯಲ್ಲಿದ್ದಾರೆ. ಮದುವೆ, ಬಾಣಂತನ, ಗಾರ್ಮೆಂಟ್ಸ್ ಕೆಲಸ, ಅತ್ತೆಮಾವನ ಆರೈಕೆ, ಏನೋ ಒಂದು ಬಂದು ಓದು ಅಲ್ಲಿಗೇ ನಿಂತಿತು. ಈ ಕರಪತ್ರ ಮೊದಲು ಅವರಿಗೆ. ಮುಂದಿನ ಪ್ರವೇಶಾತಿ ಶುರುವಾದ ಕೂಡಲೇ ಮನೆಯಿಂದಲೇ ಓದುವ ಎಂಎಗೆ ಅರ್ಜಿ ಹಾಕಿ. ಹೆಣ್ಣು, ಗಂಡು, ಲಿಂಗತ್ವ ಅಲ್ಪಸಂಖ್ಯಾತರು ಬಾಳಿದ ಬಗೆಯ ಚರಿತ್ರೆಯನ್ನೇ ಓದಿ.

ಚರಿತ್ರೆಯೇ ಯಾಕೆ? ನಂಜನಗೂಡನ್ನು ನೋಡಿ. 1878ರಲ್ಲಿ ಅಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ, ತಂಜಾವೂರಿನ ಮುದ್ದುಪಳನಿ ತೆಲುಗಿನಲ್ಲಿ ಬರೆದ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು 1910ರಲ್ಲಿ ಪೂರ್ಣವಾಗಿ ಅಚ್ಚು ಹಾಕಿಸಿದರು. ಹೆಣ್ಣೊಬ್ಬಳು ಶೃಂಗಾರ ಬರೆದಳೆಂದು ಪಂಡಿತರು ಮೊದಲೇ ಹೀಗಳೆದಿದ್ದರು. ಬ್ರಿಟಿಷ್ ಸರ್ಕಾರ ಅಶ್ಲೀಲವೆಂದು ಪುಸ್ತಕವನ್ನೇ ನಿಷೇಧಿಸಿತು. ಅದೇ ಊರಿನ ತಿರುಮಲಾಂಬಾ, ಬಾಲ್ಯದಲ್ಲೇ ವಿಧವೆಯಾದವರು, ‘ಸತೀಹಿತೈಷಿಣಿ’ ಗ್ರಂಥಮಾಲೆ ನಡೆಸಿದರು, ಕಾದಂಬರಿ ಬರೆದರು, ಹೆಂಗಸರಿಗಾಗಿ ಪತ್ರಿಕೆ ತಂದರು. ಆಮೇಲೆ ಕನ್ನಡನಾಡು ಅವರನ್ನು ದಶಕಗಟ್ಟಲೆ ಮರೆಯಿತು. ವಿಜಯಾ ದಬ್ಬೆಯವರಂಥ ಸಂಶೋಧಕಿಯರು ಅವರ ಬರಹಗಳನ್ನು ಹುಡುಕಿ ಓದಿದ್ದರಿಂದಲೇ ಇಂದು ಆ ಹೆಸರು ನಮ್ಮ ಬಾಯಲ್ಲಿದೆ. ಒಂದೇ ಊರಿನ ಇಬ್ಬರ ಕಥೆ ಹೀಗಾದರೆ, ನಿಮ್ಮ ಊರಿನಲ್ಲಿ ಇನ್ನೆಷ್ಟು ಮಂದಿ ಮರೆಯಾಗಿರಬಹುದು? ಅವರನ್ನು ಹುಡುಕಲು ಕಲಿಸುವ ಓದು ಇದು.

ಹಳೆಯ ಕಾಲದ ಮಾತಷ್ಟೇ ಅಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯಲು ಹೊಸ ನಿರ್ಬಂಧ ಬಂದಾಗ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ದೊಡ್ಡ ನಾಯಕರಿಗೂ ಕಾಯದೆ ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಆ ಎರಡು ದಿನದ ಚರಿತ್ರೆಯನ್ನು ಬರೆಯಬೇಕಾದವರು ಅಲ್ಲಿ ನಿಂತಿದ್ದವರೇ.

ಇನ್ನೊಂದು ನೋಡಿ. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಹಿಜಡಾ ಸಮುದಾಯದವರ ಹೆಸರು ಪಟ್ಟಿಮಾಡಿ ಪೊಲೀಸರ ಕಣ್ಗಾವಲಿಗೆ ಒಪ್ಪಿಸಿತ್ತು. 140 ವರ್ಷವಾದ ಮೇಲೆ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ 36-ಎ ಕಲಮಿನಲ್ಲಿ ಅದೇ ಪಟ್ಟಿ ಮಾಡುವ ಚಾಳಿ ಮರಳಿತು. ಹಳೆಯ ಕಾಯ್ದೆಯನ್ನು ಓದಿದ್ದವರಿಗೆ ಅದರ ಗುರುತು ಸಿಕ್ಕಿತು, ಓದದವರಿಗೆ ಸಿಗಲಿಲ್ಲ.

ಓದುವುದು ಹೇಗೆ? ಯಾವುದೇ ಪದವಿ ಆಗಿದ್ದರೆ ಸಾಮಾನ್ಯವಾಗಿ ಸಾಕು, ವಯಸ್ಸು ಅಡ್ಡಿಯಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೊ) ಮಹಿಳಾ ಮತ್ತು ಲಿಂಗತ್ವ ಅಧ್ಯಯನದ ಎಂಎ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಎಂಎ ಇದೆ. ಯಾವುದು ಆನ್‌ಲೈನ್, ಯಾವುದು ದೂರಶಿಕ್ಷಣ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಇದ್ದರೆ ಈ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. ಮಹಿಳಾ ಅಧ್ಯಯನದಲ್ಲೇ ಕಾಲೇಜು ಅಧ್ಯಾಪಕರ ಅರ್ಹತೆಯ ಎನ್‌ಇಟಿ ಪರೀಕ್ಷೆ ಬರೆಯಬಹುದು. 2022ರಿಂದ ಒಂದು ಪದವಿ ಓದುತ್ತಿರುವಾಗಲೇ ಇನ್ನೊಂದನ್ನು ಆನ್‌ಲೈನಿನಲ್ಲಿ ಓದಲು ಯುಜಿಸಿ ಅನುಮತಿ ಕೊಟ್ಟಿದೆ.

ಆದರೆ ಏಜೆಂಟರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ! ನೀವು ಸೇರುವ ವರ್ಷಕ್ಕೆ ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೀವೇ ನೋಡಿ. 2013-14ರಿಂದ ಕೆಲವು ವರ್ಷ ನಮ್ಮ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇಲ್ಲದಿದ್ದಾಗ ವಿದ್ಯಾರ್ಥಿಗಳು ಅಲೆದ ಅಲೆದಾಟ ಈ ನಾಡು ಕಂಡದ್ದೇ. 2018ರಲ್ಲಿ ಮಾನ್ಯತೆ ಮರಳಿತು, ಕಳೆದ ವರ್ಷಗಳು ಮರಳಲಿಲ್ಲ.

ಇನ್ನು ಸರ್ಕಾರಕ್ಕೆ ನಮ್ಮ ಹಕ್ಕೊತ್ತಾಯ. ಲಿಂಗತ್ವ ಚರಿತ್ರೆಯ ಎಂಎ ಪೂರ್ತಿ ಕನ್ನಡದಲ್ಲಿ ಬೇಕು. ಪಾಠ, ಪುಸ್ತಕ, ಉತ್ತರಪತ್ರಿಕೆ ಎಲ್ಲವೂ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯದಲ್ಲಿ ಇದನ್ನು ಕಲಿಸಬಲ್ಲವರಿದ್ದಾರೆ, ಕೆಲಸ ಅವರಿಗೆ ವಹಿಸಿ. ಎರಡನೆಯದು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳು (ಡಿಜಿಟಲ್ ಗ್ರಂಥಾಲಯಗಳು) ರಾತ್ರಿ 8ರವರೆಗೆ ತೆರೆದಿರಲಿ. ಮನೆಯಲ್ಲಿರುವ ಒಂದೇ ಮೊಬೈಲು ಗಂಡನ ಜೇಬಿನಲ್ಲೋ ಮಗನ ಕೈಯಲ್ಲೋ ಇರುವಾಗ ಹೆಣ್ಣುಮಗಳು ಪಾಠ ಕೇಳುವುದು ಎಲ್ಲಿ?

ಈ ಎರಡು ಬೇಡಿಕೆಗಳ ಮನವಿಗೆ ಸಹಿ ಹಾಕಿ. ಕರಪತ್ರ ಕೊಟ್ಟವರ ಬಳಿಯೇ ಪ್ರತಿಗಳಿವೆ. ಮುಂದಿನ ಗ್ರಾಮಸಭೆಗೆ ಎಲ್ಲರೂ ಬನ್ನಿ, ಒಟ್ಟಾಗಿ ಸಲ್ಲಿಸೋಣ. ಬರುವಾಗ ಟ್ರಂಕಿನ ತಳದಲ್ಲಿರುವ ಪದವಿಪತ್ರ, ಅಂಕಪಟ್ಟಿ, ಆಧಾರ್ ತನ್ನಿ. ಎಂಎ ಅರ್ಜಿ ತುಂಬಲು ಅಲ್ಲೇ ನೆರವಾಗುತ್ತೇವೆ.