ಗತ್ತಿಗೆ ಬುಲ್ ಬಾರ್, ಆಳಿಗೆ ತೆರೆದ ಬಾಡಿ!

ನಮ್ಮ ಹೊಳಲ್ಕೆರೆ, ಹೊಸದುರ್ಗದ ಕಡೆ ಯಾರಾದ್ರೂ ಹೊಸ ಕ್ಯಾಂಪರ್ ತಗೊಂಡ್ರೆ (ಅದೇ, ಎರಡು ಸಾಲು ಸೀಟು, ಹಿಂದೆ ಸಾಮಾನು ತುಂಬೋ ಬಾಡಿ ಇರೋ ಬೊಲೆರೊ) ಮೊದಲು ಹಾಕಿಸೋದು ಬುಲ್ ಬಾರ್. ಅದಿಲ್ಲದಿದ್ರೆ ಗಾಡಿಗೆ ಗತ್ತೇ ಇಲ್ವಂತೆ!

ಸ್ವಾಮಿ, ಅದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಡಿಕ್ಕಿಯಾದಾಗ ಮುಂಭಾಗ ನಜ್ಜುಗುಜ್ಜಾಗಿ ಪೆಟ್ಟು ನುಂಗಬೇಕು. ಈ ಕಬ್ಬಿಣ ಅಡ್ಡ ನಿಂತ್ರೆ ಪೆಟ್ಟು ಸೀದಾ ಚಾಸಿಗೆ, ಒಳಗೆ ಕೂತವರಿಗೆ. ಎದುರು ಸಿಕ್ಕ ಪಾದಚಾರಿಯ ಗತಿ ಕೇಳೋದೇ ಬೇಡ.

ಟೆಫ್ಲಾನ್ ಕೋಟಿಂಗ್? ಬಾಡಿಗೆ ಮೂಟೆ ಎಳೆಯೋ ಗಾಡಿಗೆ ಹೊಳಪು ಯಾಕೆ? ಇನ್ಶೂರೆನ್ಸ್ ಬೇಕೇ ಬೇಕು, ಆದ್ರೆ ಶೋರೂಮಿನಲ್ಲೇ ಮಾಡಿಸ್ಬೇಕು ಅಂತೇನಿಲ್ಲ. ನಾಲ್ಕು ಕಡೆ ರೇಟು ಕೇಳಿ.

ಹಾಗಾದ್ರೆ ಏನು ಬೇಕು? ಒಳ್ಳೆ ಟಾರ್ಪಾಲು, ಗಟ್ಟಿ ಹಗ್ಗ. ಗಾಳಿಯಂತ್ರ ತಿರುಗಿಸೋ ದುರ್ಗದ ಗಾಳಿಗೆ ಸಡಿಲ ಕಟ್ಟಿದ ಹೊದಿಕೆ ನಿಲ್ಲಲ್ಲ. ಹಿಂದಕ್ಕೆ ರೇಡಿಯಂ ಸ್ಟಿಕ್ಕರ್. ಹಿರಿಯೂರಿನಿಂದ ದುರ್ಗಕ್ಕೆ ಹೈವೇಲಿ ರಾತ್ರಿ ಪಂಕ್ಚರ್ ಆಗಿ ನಿಂತ್ರೆ ಗೊತ್ತಾಗುತ್ತೆ ಅದರ ಬೆಲೆ. ಕೆಂಪು ತ್ರಿಕೋನ, ಗಾಳಿ ಇರೋ ಸ್ಟೆಪ್ನಿ. ಇಷ್ಟೇ.

ನನ್ನ ಸಿಟ್ಟು ಬರೀ ದುಡ್ಡಿಂದಲ್ಲ. ಬುಲ್ ಬಾರಿಗೆ ಸಾವಿರಗಟ್ಟಲೆ ಸುರಿಯೋ ಧಣಿ, ಅಡಿಕೆ ಕೊಯ್ಲಿಗೆ ಬರೋ ಆಳುಗಳನ್ನ ಹಿಂದಿನ ಬಾಡಿಯಲ್ಲಿ ನಿಲ್ಲಿಸ್ಕೊಂಡು ಹೋಗ್ತಾನೆ. ಸರಕಿನ ಜಾಗದಲ್ಲಿ ಜನ ತುಂಬೋದೂ ಕಾನೂನಿಗೆ ವಿರುದ್ಧವೇ. ಒಂದು ಬ್ರೇಕ್ ಸಾಕು, ಅವರಿಗೆ ಹಿಡಿಯೋಕೆ ಏನಿದೆ? ಆ ದುಡ್ಡಲ್ಲಿ ಅವರ ಬಸ್ ಚಾರ್ಜ್ ಕೊಡ್ರಪ್ಪಾ!

ನಿಮ್ಮೂರಲ್ಲೂ ಹೀಗೇನಾ? ಏನಂತೀರಿ?